ಭಕ್ಷೀಸು: ಹಕ್ಕೋ, ಔದಾರ್ಯವೋ?



ಹೊರದೇಶಕ್ಕೆ ಪ್ರವಾಸ ಹೊರಟವರನ್ನು ಕಾಡುವ ಚಿಕ್ಕ ಪ್ರಶ್ನೆಯೊಂದುಂಟು. ಊಟ ಮುಗಿದು ಲೆಕ್ಕ ಸಲ್ಲಿಸಿದ ಮೇಲೆ, ಬಡಿಸಿದವನ ಕೈಗೆ ಬೇರೆ ಏನನ್ನಾದರೂ ಕೊಡಬೇಕೆ? ಕೊಡದಿದ್ದರೆ ಲೋಭಿಯೆಂಬ ಅಪವಾದ. ಕೆಲವೆಡೆ ಕೊಟ್ಟರೂ ತಪ್ಪು. ಈ ಪ್ರಶ್ನೆಯನ್ನು ನಾವು ನಮ್ಮ ನೆಲದಿಂದಲೇ, ಕಲಬುರಗಿ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿಗಳಿಂದಲೇ ನೋಡೋಣ.

ಒಂದು ಕಾಲಕ್ಕೆ ಈ ಸೀಮೆಗೆ ಪರರಾಜ್ಯವು ಬಹಳ ದೂರವಿರಲಿಲ್ಲ. 1948ಕ್ಕೆ ಮುಂಚೆ ಸೊಲ್ಲಾಪುರದಿಂದ ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ದತ್ತದರ್ಶನಕ್ಕಾಗಿ ಬರುವ ಯಾತ್ರಿಕನು ಮುಂಬಯಿ ಪ್ರಾಂತ್ಯವನ್ನು ಬಿಟ್ಟು, ಅಕ್ಕಲಕೋಟೆ ಸಂಸ್ಥಾನವನ್ನು ಹಾಯ್ದು, ನಿಜಾಮರ ರಾಜ್ಯವನ್ನು ಸೇರುತ್ತಿದ್ದನು. ರಾಜ್ಯದೊಡನೆ ನಾಣ್ಯವೂ ಬದಲಾಗುತ್ತಿತ್ತು. ಬ್ರಿಟಿಷರ ಕಲದಾರ್ 6 ರೂಪಾಯಿಗಳಿಗೆ ನಿಜಾಮರ ಹಾಲಿ ಸಿಕ್ಕಾ 7 ರೂಪಾಯಿಗಳು ಸಮವೆನಿಸಿದ್ದವು. ಗಾಡಿಯವನ ಕೈಗಿಡುವ ಒಂದಾಣೆಯೂ ಯಾವ ರಾಜ್ಯದ ಆಣೆಯೆಂಬುದರ ಮೇಲೆ ಹೆಚ್ಚು ಕಡಮೆಯಾಗುತ್ತಿತ್ತು. ಹಾಲಿ ನಾಣ್ಯದ ಚಲಾವಣೆ 1959ರಲ್ಲಿ ಕೊನೆಗೊಂಡಿತು.

ಆ ಕೊಡುಗೆಯ ಹೆಸರು ಭಕ್ಷೀಸು ಅಥವಾ ಇನಾಮು. ಮೊದಲನೆಯದು ಪಾರಸಿಯಿಂದಲೂ ಎರಡನೆಯದು ಅರಬ್ಬಿಯಿಂದಲೂ ಬಂದ ಮಾತು. ಎರಡರಲ್ಲಿಯೂ ದೊರೆಯು ಮೆಚ್ಚಿ ಕೊಡುವ ಭಾವವಿದೆ. ಪಡೆಯುವವನಿಗೆ ಕೇಳುವ ಅಧಿಕಾರವಿಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಇದಕ್ಕಿಂತ ಭಿನ್ನವಾದ ಇನ್ನೊಂದು ಪದ್ಧತಿಯಿದ್ದಿತು. ಜೋಳದ ರಾಶಿಯಾದಾಗ ಬಡಿಗ, ಕಮ್ಮಾರ, ಕುಂಬಾರ, ಅಗಸ ಮೊದಲಾದ ಆಯಗಾರರಿಗೆ ಕಣದಲ್ಲಿಯೇ ಧಾನ್ಯದ ಪಾಲು ಅಳೆದು ಕೊಡುತ್ತಿದ್ದರು. ಈ ಆಯವು ವರ್ಷವಿಡೀ ದುಡಿದುದರ ಪ್ರತಿಫಲ, ಒಕ್ಕಲಿಗನ ಔದಾರ್ಯವಲ್ಲ. ಆದರೂ ಜಾತಿಯ ಏಣಿಯಲ್ಲಿ ಕೆಳಗಿದ್ದವರು ತಮ್ಮ ಪಾಲಿಗಾಗಿಯೇ ಕೈಯೊಡ್ಡಿ ನಿಲ್ಲಬೇಕಾಗಿದ್ದಿತೆಂಬುದನ್ನು ಮರೆಯಲಾಗದು. ಹಕ್ಕನ್ನು ಕೃಪೆಯೆಂಬಂತೆ ಕೊಡುವುದೇ ಈ ವಿಷಯದಲ್ಲಿ ಮೂಲದೋಷ.

ಅದೇ ದೋಷ ಹೊರನಾಡುಗಳಲ್ಲಿಯೂ ಕಂಡಿದೆ. ಅಮೆರಿಕದಲ್ಲಿ 1865ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ, ಪುಲ್‌ಮನ್ ಕಂಪೆನಿಯು ತನ್ನ ಮಲಗುವ ರೈಲುಗಾಡಿಗಳಲ್ಲಿ ಕರಿಯ ಜನರನ್ನು ಸೇವಕರನ್ನಾಗಿ ನೇಮಿಸಿತು. ಸಂಬಳ ಅಲ್ಪ, ಉಳಿದುದು ಪ್ರಯಾಣಿಕರ ಭಕ್ಷೀಸಿನಿಂದ ಬರಬೇಕು. ಆ ಸೇವಕರು 1925ರಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಹೋರಾಡಿ, 1937ರಲ್ಲಿ ಕಂಪೆನಿಯೊಡನೆ ಒಪ್ಪಂದವನ್ನು ಪಡೆದರು. ಆದರೆ ಭಕ್ಷೀಸನ್ನೇ ಸಂಬಳದ ಭಾಗವೆಂದು ಎಣಿಸುವುದು ಅಲ್ಲಿ ನಿಲ್ಲಲಿಲ್ಲ. 1966ರಲ್ಲಿ ಕಾನೂನೇ ಅದಕ್ಕೆ ಎಡೆಗೊಟ್ಟಿತು. ಭಕ್ಷೀಸು ಪಡೆಯುವ ನೌಕರನಿಗೆ ಧಣಿಯು ಕೊಡಲೇಬೇಕಾದ ನಗದು ವೇತನವು ಕೇಂದ್ರ ಕಾನೂನಿನಂತೆ 1991ರಿಂದಲೂ ಗಂಟೆಗೆ 2.13 ಡಾಲರು ಮಾತ್ರ. ಆದುದರಿಂದ ಅಲ್ಲಿ ಊಟದ ಲೆಕ್ಕದ ಮೇಲೆ ನೂರಕ್ಕೆ ಹದಿನೈದು ಇಪ್ಪತ್ತರಷ್ಟು ಕೊಡದೆ ಎದ್ದು ಬರುವವನು ದುಡಿದವನ ಕೂಲಿಯನ್ನೇ ಉಳಿಸಿಕೊಂಡಂತೆ. ಫ್ರಾನ್ಸಿನಲ್ಲಿ ಸೇವೆಯ ಬೆಲೆಯು ಊಟದ ಬೆಲೆಯಲ್ಲಿಯೇ ಸೇರಿರುವುದರಿಂದ ಚಿಲ್ಲರೆ ಬಿಟ್ಟು ಬಂದರೆ ಸಾಕು. ಜಪಾನಿನಲ್ಲಿಯಾದರೋ ಸೇವೆ ಮಾಡಿದವನಿಗೆ ಹಣ ಚಾಚಿದರೆ ಅವನು ಸಂಕೋಚಪಡುವನು. ಅಲ್ಲಿ ತಲೆಬಾಗಿ ವಂದಿಸುವುದೇ ಉಚಿತ.

ಆದಕಾರಣ ‘ಎಷ್ಟು ಕೊಡಬೇಕು’ ಎಂಬುದಕ್ಕಿಂತ ಮೊದಲು ‘ಇವನ ಕೂಲಿಯನ್ನು ಕೊಡುವವರು ಯಾರು’ ಎಂದು ವಿಚಾರಿಸಬೇಕು. ಧಣಿಯು ಕೊಡುವನಾದರೆ ನಮ್ಮ ಕೊಡುಗೆ ಸಂತೋಷ. ಕೊಡದಿದ್ದರೆ ಅದು ಸಾಲ.

ಪಡೆಯುವವನಿಗೂ ಮಾನವುಂಟು. ಜೇವರ್ಗಿಯು ಷಣ್ಮುಖಸ್ವಾಮಿಗಳ ಮಠದ ಊರು. ಅವರು ಸೇರಿದ ಶರಣಪರಂಪರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆ ಪ್ರಸಿದ್ಧವಾಗಿದೆ. ಗಂಡನು ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಕಳುಹಿಸಿದಳು. ಗಾಣಗಾಪುರದಲ್ಲಿಯಾದರೋ ಸಿರಿವಂತ ಯಾತ್ರಿಕನೂ ಐದು ಮನೆಗಳ ಬಾಗಿಲಲ್ಲಿ ನಿಂತು ಮಧುಕರಿ ಬೇಡುವನು. ಕೈಯೊಡ್ಡುವುದು ಹೇಗಿರುವುದೆಂದು ಕೊಡುವವನಿಗೂ ತಿಳಿಯಲೆಂದೇ ಈ ನಿಯಮವೋ ಎಂದು ನಮಗೆ ತೋರುವುದು.

ಈ ಮೂರು ತಾಲ್ಲೂಕುಗಳಿಂದ ಕೂಲಿಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವವರು ಇಂದಿಗೂ ಅನೇಕರಿದ್ದಾರೆ. ಅಲ್ಲಿ ನಮ್ಮ ಹೊರೆಯನ್ನು ಹೊರುವವನು ಭೀಮಾತೀರದವನೇ ಆಗಿರಬಹುದು. ಯಾವ ಊರಿನಲ್ಲಿಯೇ ಆಗಲಿ, ಕೊಡುವುದನ್ನು ಮೇಜಿನ ಮೇಲೆ ಎಸೆಯದೆ, ಮುಖ ನೋಡಿ, ಒಂದು ಒಳ್ಳೆಯ ಮಾತಿನೊಡನೆ ಕೊಡೋಣ.