ಎಡಗಡೆ ಸೀಟಿನಿಂದ ಕಂಡ ರ‍್ಯಾಲಿ

2023ರಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ಕಾರುಗಳು ಓಡಿದವು. ಅದೇ ವರ್ಷ ದೆಹಲಿ ಹತ್ತಿರದ ಬುದ್ಧ ಸರ್ಕ್ಯೂಟಿನಲ್ಲಿ ಮೋಟೋಜಿಪಿ ನಡೆಯಿತು. ಮರುವರ್ಷ ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ರಾತ್ರಿ ದೀಪಗಳಡಿ ಬೀದಿ ರೇಸು. ಮೂರು ಸಲವೂ ಕಿವಿಗೆ ಬಿದ್ದ ಮಾತು ಒಂದೇ: ಅಂತೂ ಭಾರತಕ್ಕೆ ಮೋಟಾರು ಕ್ರೀಡೆ ಬಂತು. 2011ರಲ್ಲಿ ಫಾರ್ಮುಲಾ ಒನ್ ಬಂದಾಗಲೂ ಹೀಗೇ ಅಂದಿದ್ದರು. ಅದು ಮೂರು ವರ್ಷ ನಡೆದು ನಿಂತಿತು. ಇಷ್ಟು ಸಲ ಹೊಸದಾಗಿ ಬರುವ ಕ್ರೀಡೆ ಮೊದಲು ಎಲ್ಲಿತ್ತು ಎಂದು ಕೇಳಿದವರು ಕಡಿಮೆ. ಕೇಳಿದವರಿಗೂ ಸಿಗುವುದು ಸಿದ್ಧ ಉತ್ತರವೇ: ಮೊದಲು ಮಹಾರಾಜರು ಆಡಿದರು, ಆಮೇಲೆ ಉದ್ಯಮಿಗಳ ಮಕ್ಕಳು ಆಡಿದರು, ಕೊನೆಗೆ 2005ರಲ್ಲಿ ನಾರಾಯಣ್ ಕಾರ್ತಿಕೇಯನ್ ಫಾರ್ಮುಲಾ ಒನ್‌ಗೆ ಹೋದರು.

ಇದರಲ್ಲಿ ಸುಳ್ಳಿಲ್ಲ, ಆದರೆ ಬಿಟ್ಟುಹೋದದ್ದು ಬಹಳ. ದಶಕಗಳ ಕಾಲ ಕಾರಿನ ಎಡಗಡೆ ಸೀಟಿನಲ್ಲಿ, ಮಡಿಲ ಮೇಲೆ ರೋಡ್‌ಬುಕ್ ಇಟ್ಟುಕೊಂಡು ಕೂತವನಿಗೆ ಈ ಚರಿತ್ರೆ ಬೇರೆ ಥರ ಕಾಣುತ್ತದೆ. ದಕ್ಷಿಣದಲ್ಲಿ ಈ ಕ್ರೀಡೆಯನ್ನು ಬೆಳೆಸಿದ್ದು ಟ್ರ್ಯಾಕಿಗಿಂತ ಹೆಚ್ಚಾಗಿ ಮಣ್ಣಿನ ದಾರಿ. ಉಳಿಸಿದ್ದು ಚಾಲಕರಿಗಿಂತ ಹೆಚ್ಚಾಗಿ ಗ್ಯಾರೇಜು.

ಆರಂಭದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1904ರ ಕೊನೆಯಲ್ಲಿ ಮೋಟಾರ್ ಯೂನಿಯನ್ ಆಫ್ ವೆಸ್ಟರ್ನ್ ಇಂಡಿಯಾ ದೆಹಲಿಯಿಂದ ಮುಂಬೈಗೆ ಒಂದು ಓಟ ಏರ್ಪಡಿಸಿತ್ತು. ಕಾರು ಅಷ್ಟು ದೂರ ಕೆಡದೆ ಬರುತ್ತದೆಯೇ ಎಂಬುದೇ ಅಲ್ಲಿ ಪರೀಕ್ಷೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಖಾಲಿ ಬಿದ್ದ ವಿಮಾನದ ಪಟ್ಟಿಗಳು ರೇಸಿನವರ ಕೈಗೆ ಸಿಕ್ಕವು. ಕಲ್ಕತ್ತೆಯವರು ಬ್ಯಾರಕ್‌ಪುರದಲ್ಲಿ, ಮದ್ರಾಸಿನವರು ಶೋಲಾವರಂನಲ್ಲಿ ಓಡಿಸಿದರು. 1960ರ ದಶಕದಲ್ಲಿ ಶುರುವಾದ ವಿಂಟೇಜ್ ಕಾರುಗಳ ಓಟಗಳು ಇವತ್ತಿಗೂ ಪತ್ರಿಕೆಯಲ್ಲಿ ಬಣ್ಣದ ಫೋಟೋ ಗಿಟ್ಟಿಸುತ್ತವೆ. ಹಳೆಯ ಕಾರನ್ನು ಉಳಿಸಿಕೊಂಡವರ ಮೇಲೆ ನನಗೆ ಗೌರವವಿದೆ. ಆದರೆ ಪಾಲಿಶ್ ಮಾಡಿದ ಕಾರಿನ ಮೆರವಣಿಗೆಯೇ ಈ ಕ್ರೀಡೆಯ ನೆನಪು ಎಂದುಕೊಂಡರೆ ಕಷ್ಟ.

ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಶೋಲಾವರಂನ ಹಳೆಯ ರನ್‌ವೇಯಲ್ಲಿ ಅದು ನಡೆಸಿದ ರೇಸುಗಳಿಗೆ ಜಾತ್ರೆಯಂತೆ ಜನ ಸೇರುತ್ತಿದ್ದರು. ಬೆಂಗಳೂರು, ಕೊಯಮತ್ತೂರಿನಿಂದ ಕಾರು, ಬೈಕುಗಳು ಹಿಂದಿನ ರಾತ್ರಿಯೇ ಹೊರಡುತ್ತಿದ್ದವು. ವಿಜಯ್ ಮಲ್ಯ ನಿವೃತ್ತ ಫಾರ್ಮುಲಾ ಒನ್ ಕಾರಾದ ಎನ್ಸೈನ್ ಅನ್ನು ಓಡಿಸಿದ್ದು ಅಲ್ಲೇ, ಮತ್ತು ಬರೆದವರೆಲ್ಲ ಬರೆದದ್ದು ಅದನ್ನೇ. ಆದರೆ ಅದೇ ದಿನ ಫಿಯೆಟ್, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳ ರೇಸೂ ಇರುತ್ತಿತ್ತು. ಹೊರದೇಶದ ಬಿಡಿಭಾಗ ಬರದ ಕಾಲ ಅದು. ಆ ಕಾರಿಗೆ ಸೇರಿಸಿದ ಪ್ರತಿಯೊಂದು ಅಶ್ವಶಕ್ತಿಯೂ ಯಾವುದೋ ಲೇತ್ ಮೇಲೆ ಇಲ್ಲೇ ಹುಟ್ಟಿದ್ದು. ಎನ್ಸೈನ್ ನೋಡಿ ಜನ ಬೆರಗಾದರು. ಫಿಯೆಟ್ ನೋಡಿ ಮೆಕ್ಯಾನಿಕ್‌ಗಳು ಕಲಿತರು.

ಬೈಕಿನ ಕಡೆ ನಮ್ಮ ಪಾಲು ದೊಡ್ಡದು. 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ, ಆಮೇಲೆ ಯೆಜ್ಡಿ ಹೊರಬಂದವು. ಎಂಬತ್ತರ ದಶಕದಲ್ಲಿ ರಾಜದೂತ್ 350, ಇಂಡ್-ಸುಜುಕಿ, ಆರ್‌ಎಕ್ಸ್ 100 ಬರುವವರೆಗೂ ದಕ್ಷಿಣದ ಹುಡುಗರು ಬಿದ್ದು ಎದ್ದು ಕಲಿತದ್ದು ಮೈಸೂರಿನ ಗಾಡಿಯ ಮೇಲೆಯೇ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಗ ಅದರ ಹೆಸರಿನಲ್ಲಿ ಹಳೆಯ ನೆನಪು ಮಾರುತ್ತಾರೆ. ಅಲ್ಲಿ ಕೆಲಸ ಮಾಡಿದ ಫಿಟ್ಟರುಗಳು ಮೋಟೋಕ್ರಾಸ್ ಗಾಡಿಗೆ ಏನೇನು ಮಾಡುತ್ತಿದ್ದರು ಎಂದು ಬರೆದಿಟ್ಟವರಿಲ್ಲ.

ನನ್ನ ಕಾಲ ಶುರುವಾಗುವುದು ಇಲ್ಲಿಂದ. ಎಪ್ಪತ್ತರ ದಶಕದಲ್ಲಿ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕೆ-1000 ರ‍್ಯಾಲಿಯನ್ನು ಶುರುಮಾಡಿತು. ಮದ್ರಾಸಿನವರ ಸೌತ್ ಇಂಡಿಯಾ ರ‍್ಯಾಲಿಯೂ ನಡೆಯುತ್ತಿತ್ತು. ಆಗಿನ ಬಹುಪಾಲು ರ‍್ಯಾಲಿಗಳಲ್ಲಿ ವೇಗಕ್ಕಿಂತ ಲೆಕ್ಕವೇ ಮುಖ್ಯ. ಈ ಮಾತು ಹೇಳಿದರೆ ಇಂದಿನ ಹುಡುಗರು ನಗುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು.

ಹೊರಡುವ ಮುಂಚೆ ಕೈಗೆ ಬರುತ್ತಿದ್ದದ್ದು ಒಂದು ರೋಡ್‌ಬುಕ್. ಅದರಲ್ಲಿ ಪ್ರತಿ ತಿರುವಿಗೂ ಟುಲಿಪ್ ಚಿತ್ರ: ಕೆಳಗೆ ಚುಕ್ಕಿ ಇದ್ದರೆ ನೀವು ಬಂದ ದಾರಿ, ಬಾಣವಿದ್ದರೆ ಹೋಗಬೇಕಾದ ದಾರಿ. ಪಕ್ಕದಲ್ಲಿ ದೂರ. ಈ ತುಂಡನ್ನು ಗಂಟೆಗೆ 40 ಕಿಲೋಮೀಟರ್ ಸರಾಸರಿಯಲ್ಲಿ ಮುಗಿಸಿ ಎಂಬ ಸೂಚನೆ. 12.6 ಕಿಲೋಮೀಟರ್ ಆದರೆ 18 ನಿಮಿಷ 54 ಸೆಕೆಂಡು. ಅದಕ್ಕಿಂತ ಬೇಗ ಬಂದರೂ ದಂಡ, ತಡವಾದರೂ ದಂಡ. ಬೇಗ ಬಂದವರಿಗೆ ಹಲವು ಕಡೆ ದಂಡ ಹೆಚ್ಚು, ಏಕೆಂದರೆ ಊರೊಳಗೆ ಯಾರೂ ಅಡ್ಡಾದಿಡ್ಡಿ ಓಡಿಸಬಾರದು. ಟೈಮ್ ಕಂಟ್ರೋಲ್ ಎಲ್ಲಿದೆ ಎಂದು ಹೇಳುತ್ತಿರಲಿಲ್ಲ. ನೀಲಗಿರಿ ತೋಪಿನ ಮರೆಯಲ್ಲಿ, ಮುಚ್ಚಿದ ಪೆಟ್ಟಿಗೆ ಅಂಗಡಿಯ ಹಿಂದೆ, ಕಂಬಳಿ ಹೊದ್ದ ಇಬ್ಬರು ಮಾರ್ಷಲ್‌ಗಳು ಗಡಿಯಾರ ಹಿಡಿದು ಕೂತಿರುತ್ತಿದ್ದರು.

ಇನ್ನು ಕಾರಿನ ಓಡೋಮೀಟರ್. ಅದು ಸಂಘಟಕರ ಕಾರಿನ ಓಡೋಮೀಟರಿಗೆ ಹೊಂದುತ್ತಲೇ ಇರಲಿಲ್ಲ. ಟೈರು ಸವೆದರೆ ಸುತ್ತಳತೆ ಕಡಿಮೆಯಾಗಿ ದೂರ ಹೆಚ್ಚು ತೋರಿಸುತ್ತದೆ. ಹೊಸ ಟೈರಿನಲ್ಲಿ ಕಡಿಮೆ. ನೂರಕ್ಕೆ ಎರಡರಷ್ಟು ವ್ಯತ್ಯಾಸವಿದ್ದರೆ 50 ಕಿಲೋಮೀಟರಿನಲ್ಲಿ ಒಂದು ಕಿಲೋಮೀಟರ್ ತಪ್ಪಿತು, ಅಂದರೆ 40ರ ಸರಾಸರಿಯಲ್ಲಿ ತೊಂಬತ್ತು ಸೆಕೆಂಡು. ಆ ತೊಂಬತ್ತು ಸೆಕೆಂಡಿನಲ್ಲಿ ರ‍್ಯಾಲಿ ಸೋತು ಮನೆಗೆ ಹೋಗಬಹುದು. ಸ್ವೀಡನ್ನಿನ ಹಾಲ್ಡಾ ಟ್ರಿಪ್‌ಮೀಟರ್ ಇದ್ದವರು ಬೆರಳೆಣಿಕೆಯಷ್ಟು ಜನ. ಉಳಿದವರದು ಟೈಪ್ ಮಾಡಿದ ಕೋಷ್ಟಕ, ತೊಡೆಗೆ ಕಟ್ಟಿದ ಪ್ಯಾಡು, ಬಾಯಿಯಲ್ಲಿ ಕಚ್ಚಿದ ಟಾರ್ಚು. ಜೀಪು ಹಾರುವ ದಾರಿಯಲ್ಲಿ ಭಾಗಾಕಾರ ಮಾಡುವುದು ಹೇಗೆಂದು ಶಾಲೆಯಲ್ಲಿ ಯಾರೂ ಕಲಿಸಲಿಲ್ಲ. ಬ್ಯಾಂಕಿನ ಗುಮಾಸ್ತರು, ಎಚ್‌ಎಎಲ್, ಬಿಇಎಲ್‌ನ ತಂತ್ರಜ್ಞರು, ಕಾಲೇಜು ಹುಡುಗರು ನ್ಯಾವಿಗೇಟರುಗಳಾದದ್ದು ಇಂಥ ದಿನಗಳಲ್ಲಿ. ಸ್ವಂತ ಕಾರು ಇರಬೇಕಿರಲಿಲ್ಲ, ತಲೆ ನಿಲ್ಲಬೇಕಿತ್ತು. ಉಳ್ಳವರ ಆಟ ಎಂಬ ಮಾತು ಬಲಗಡೆ ಸೀಟಿಗೆ ಎಷ್ಟೋ ನಿಜ, ಎಡಗಡೆ ಸೀಟಿಗೆ ಅಷ್ಟು ಒಪ್ಪುವುದಿಲ್ಲ.

ಗ್ಯಾರೇಜಿಗೆ ಬರೋಣ. ಫಿಯೆಟ್ಟಿನ ಎಂಜಿನ್ 1089 ಸಿಸಿ. ಹೆಡ್ ಬಿಚ್ಚಿ ತಳವನ್ನು ಕೂದಲೆಳೆಯಷ್ಟು ಅರೆದರೆ ಕಂಪ್ರೆಶನ್ ಏರುತ್ತದೆ. ಇನ್ನೊಂದು ಎಳೆ ಅರೆದರೆ ಘಾಟಿಯ ನಡುವೆ ಗ್ಯಾಸ್ಕೆಟ್ ಹಾರಿ ರೇಡಿಯೇಟರ್ ಕುದಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಪುಸ್ತಕ ಹೇಳುತ್ತಿರಲಿಲ್ಲ. ಇನ್‌ಲೆಟ್ ಪೋರ್ಟಿನ ಒಳಮೈಯನ್ನು ಎಮರಿ ಕಾಗದ ಸುತ್ತಿದ ಕಡ್ಡಿಯಿಂದ ರಾತ್ರಿಯಿಡೀ ತಿಕ್ಕಿ, ಬೆರಳು ಹಾಕಿ ನುಣುಪು ನೋಡುತ್ತಿದ್ದರು. ಗೇರು ಸ್ಟಿಯರಿಂಗ್ ಪಕ್ಕ ಇದ್ದುದರಿಂದ ಅದರ ಸರಳುಗಳ ಬುಷ್ ಸವೆದು ಹೇರ್‌ಪಿನ್ ತಿರುವಿನಲ್ಲೇ ಎರಡನೇ ಗೇರು ಕೈಕೊಡುತ್ತಿತ್ತು. ಹಲವರು ಅದನ್ನು ನೆಲಕ್ಕೆ ಇಳಿಸಿಕೊಂಡರು. ಹಿಂದಿನ ಸ್ಪ್ರಿಂಗಿಗೆ ಒಂದು ಪಟ್ಟೆ ಜಾಸ್ತಿ. ಎಂಜಿನ್ನಿನ ಕೆಳಗೆ ದಪ್ಪ ಉಕ್ಕಿನ ತಗಡು, ಶಾಖ ಹೋಗಲು ಅದರಲ್ಲಿ ತೂತು. ಬೇಕಾದ ಸಾಮಾನು ಜೆ.ಸಿ. ರಸ್ತೆಯಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿಯಲ್ಲಿ. ಅಲ್ಲೂ ಇಲ್ಲದಿದ್ದರೆ ಲೇತ್ ಇದ್ದವರ ಬಳಿ ಹೋಗಿ ಮಾಡಿಸುವುದು. ಕಾರ್ಖಾನೆಯಲ್ಲಿ ಹಗಲಿಡೀ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಿದ ಟರ್ನರುಗಳು ಸಂಜೆ ಈ ಗ್ಯಾರೇಜುಗಳಿಗೆ ಬರುತ್ತಿದ್ದರು. ಬೆಂಗಳೂರಿನ ರ‍್ಯಾಲಿ ಕಾರು ಗಟ್ಟಿ ಎಂಬ ಹೆಸರು ಬಂದದ್ದು ಸಾರ್ವಜನಿಕ ಉದ್ದಿಮೆಗಳ ಈ ಕೈಗಳಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊರಗಿನ ಗಾಳಿಯೂ ಬೀಸಿತು. 1968ರ ಲಂಡನ್–ಸಿಡ್ನಿ ಮ್ಯಾರಥಾನಿನ ಕಾರುಗಳು ಮುಂಬೈಯಲ್ಲಿ ಹಡಗು ಹತ್ತಿದವು, 1977ರ ಓಟದವು ಮದ್ರಾಸಿನಲ್ಲಿ. ಎರಡನ್ನೂ ಗೆದ್ದವರು ಆಂಡ್ರ್ಯೂ ಕೋವನ್. ನಜೀರ್ ಹುಸೇನ್ ಕಟ್ಟಿ ನಿಲ್ಲಿಸಿದ ಹಿಮಾಲಯನ್ ರ‍್ಯಾಲಿ 1980ರಲ್ಲಿ ಶುರುವಾಗಿ ಆ ದಶಕವೆಲ್ಲ ನಡೆಯಿತು. ಐದು ಸಲ ಸಫಾರಿ ರ‍್ಯಾಲಿ ಗೆದ್ದ ಶೇಖರ್ ಮೆಹ್ತಾ ಅವರಂಥ ಪೂರ್ವ ಆಫ್ರಿಕಾದ ಚಾಲಕರು ಅಲ್ಲಿಗೆ ಬಂದರು. ನಮ್ಮವರು ಅವರಿಂದ ಕಲಿತದ್ದು ಓಡಿಸುವ ಧೈರ್ಯವನ್ನಲ್ಲ, ಅದು ಇಲ್ಲಿ ಧಾರಾಳವಾಗಿತ್ತು. ಕಲಿತದ್ದು ಸರ್ವಿಸ್: ಯಾವ ಭಾಗ ಕೆಡುವ ಮುಂಚೆಯೇ ಬದಲಿಸಬೇಕು, ಇಪ್ಪತ್ತು ನಿಮಿಷದಲ್ಲಿ ಯಾರು ಯಾವ ಚಕ್ರದ ಬಳಿ ನಿಲ್ಲಬೇಕು ಎಂಬ ಶಿಸ್ತು.

1988 ಒಂದು ತಿರುವು. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ ಆ ವರ್ಷ ಶುರುವಾಯಿತು. ಅದೇ ವರ್ಷದ ಮೋಟಾರು ವಾಹನ ಕಾಯ್ದೆಯ 189ನೇ ಕಲಂ, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ನಡೆಸುವುದು ಅಪರಾಧ ಎನ್ನುತ್ತದೆ. ಎರಡನ್ನೂ ಸೇರಿಸಿ ನೋಡಿದರೆ ಮುಂದಿನದು ಅರ್ಥವಾಗುತ್ತದೆ. ಲೆಕ್ಕದ ರ‍್ಯಾಲಿ ಹಿಂದೆ ಸರಿದು, ಮುಚ್ಚಿದ ದಾರಿಯಲ್ಲಿ ಪೂರ್ತಿ ವೇಗದಲ್ಲಿ ಓಡಿಸುವ ಸ್ಪೆಷಲ್ ಸ್ಟೇಜ್ ಮುಂದೆ ಬಂತು. ಮುಚ್ಚಲು ಸುಲಭವಾದ ದಾರಿ ಯಾವುದು? ಖಾಸಗಿ ದಾರಿ. ಹಾಗಾಗಿ ರ‍್ಯಾಲಿ ಕಾಫಿ ತೋಟ ಸೇರಿತು. ಚಿಕ್ಕಮಗಳೂರು, ಹಾಸನ, ಕೊಡಗಿನ ತೋಟಗಾರರು ಗೇಟು ತೆಗೆದರು. ಅವರಲ್ಲಿ ಎಷ್ಟೋ ಜನ ತಾವೇ ಸ್ಟಿಯರಿಂಗ್ ಹಿಡಿದರು. ಸ್ಟೇಜಿನ ಹಿಂದಿನ ದಿನ ತೋಟದ ರೈಟರು ಲೈನುಗಳಿಗೆ ಹೋಗಿ, ನಾಳೆ ಬೆಳಗ್ಗೆ ದನ ಬಿಡಬೇಡಿ, ಮಕ್ಕಳನ್ನು ಒಳಗಿಟ್ಟುಕೊಳ್ಳಿ ಎಂದು ಹೇಳಿ ಬರುತ್ತಿದ್ದರು. ಒಂದು ಕಾರು ಹೋದ ಮೇಲೆ ಧೂಳು ಕೂರಲಿ ಎಂದು ನಿಮಿಷ ಬಿಟ್ಟು ಇನ್ನೊಂದು. ಬೇರೆ ರಾಜ್ಯಗಳಲ್ಲಿ ರ‍್ಯಾಲಿ ಸೊರಗಿದಾಗಲೂ ಇಲ್ಲಿ ಬದುಕಿದ್ದಕ್ಕೆ ಈ ಗೇಟುಗಳೇ ಕಾರಣ.

ಗಾಡಿಗಳೂ ಬದಲಾದವು. 1985ರಲ್ಲಿ ಬಂದ ಮಾರುತಿ ಜಿಪ್ಸಿಯನ್ನು ಚಂಡೀಗಢದ ಹರಿ ಸಿಂಗ್ ಐದು ರಾಷ್ಟ್ರೀಯ ಪ್ರಶಸ್ತಿಗಳವರೆಗೆ ಓಡಿಸಿದರು. ಕೊಯಮತ್ತೂರಿನ ಲೀಲಾಕೃಷ್ಣನ್ ಎಸ್ಟೀಮಿನಲ್ಲಿ ಮಿಂಚಿದರು. ಎಂಆರ್‌ಎಫ್, ಜೆಕೆ ಟೈರ್ ಕಂಪನಿಗಳ ಹಣ ಬಂತು, ಅದಿಲ್ಲದಿದ್ದರೆ ಕ್ರೀಡೆ ಉಳಿಯುತ್ತಿರಲಿಲ್ಲ. ನ್ಯಾವಿಗೇಟರ್ ಕೋಡ್ರೈವರ್ ಆದರು. ಭಾಗಾಕಾರ ಹೋಗಿ, ಮುಂದಿನ ತಿರುವುಗಳನ್ನು ಮೊದಲೇ ಬರೆದುಕೊಂಡು ಓದಿ ಹೇಳುವ ಪೇಸ್‌ನೋಟ್ ಬಂತು: ‘ಲೆಫ್ಟ್ ತ್ರೀ, ಫಿಫ್ಟಿ, ರೈಟ್ ಫೈವ್, ಡೋಂಟ್ ಕಟ್’. ಈಗಿನ ಕಾರು ಹಿಂದಿನದಕ್ಕಿಂತ ಸಾವಿರ ಪಾಲು ಸುರಕ್ಷಿತ, ಆ ವಿಷಯದಲ್ಲಿ ಹಳಹಳಿಕೆ ಬೇಡ. ಆದರೆ ರೋಲ್‌ಕೇಜ್, ಹೆಲ್ಮೆಟ್, ಬೆಂಕಿ ತಾಳುವ ಬಟ್ಟೆಯ ಖರ್ಚು ಬ್ಯಾಂಕಿನ ಗುಮಾಸ್ತರ ಕೈಗೆಟುಕುವಂಥದ್ದಲ್ಲ. ಈ ಕ್ರೀಡೆ ನಿಜವಾಗಿ ಉಳ್ಳವರದಾದದ್ದು ಮಹಾರಾಜರ ಕಾಲದಲ್ಲಲ್ಲ, ಆಮೇಲೆ.

ಕೊಯಮತ್ತೂರಿನ ಸರ್ಕ್ಯೂಟ್ ಪರಂಪರೆ ಬೇರೆಯೇ ಲೇಖನ ಕೇಳುತ್ತದೆ. ಮಾರುತಿ ಎಂಜಿನ್ ಇಟ್ಟು ಒಂಟಿ ಸೀಟಿನ ರೇಸ್ ಕಾರು ಕಟ್ಟಿದ, 1995ರಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರೇ ಅಲ್ಲಿನ ಕರಿ ಸ್ಪೀಡ್‌ವೇಗಿದೆ. ಒಂದು ಮಾತಷ್ಟೇ ಸೇರಿಸುತ್ತೇನೆ. ನಾರಾಯಣ್ ಅವರ ತಂದೆ ಜಿ.ಆರ್. ಕಾರ್ತಿಕೇಯನ್ ಏಳು ಸಲ ಸೌತ್ ಇಂಡಿಯಾ ರ‍್ಯಾಲಿ ಗೆದ್ದವರು. ಎರಡನೇ ಫಾರ್ಮುಲಾ ಒನ್ ಚಾಲಕ ಕರುಣ್ ಚಾಂದೋಕ್ ಅವರ ತಂದೆ ವಿಕಿಯೂ ರ‍್ಯಾಲಿ ಓಡಿಸಿದವರೇ. ಫಾರ್ಮುಲಾ ಒನ್ ತನಕ ಹೋದ ದಾರಿ ಮಣ್ಣಿನಲ್ಲೇ ಶುರುವಾಗಿತ್ತು.

ಈಚಿನದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದರು. 2019ರಲ್ಲಿ ಐಶ್ವರ್ಯ ಪಿಸ್ಸೆ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದರು. ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಿಕ್ಕಮಗಳೂರಿಗೂ ಬಂತು, ಆ ಚಾಂಪಿಯನ್‌ಶಿಪ್ಪನ್ನು ಮೂರು ಸಲ ಗೆದ್ದ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಸಿಕ್ಕಿತು. ಮೋಟಾರು ಕ್ರೀಡೆಗೆ ಅದು ಮೊದಲನೆಯದು. 1904ರಿಂದ ಲೆಕ್ಕ ಹಾಕಿದರೆ ಸರ್ಕಾರ ಅವಸರ ಮಾಡಿತೆಂದು ದೂರುವಂತಿಲ್ಲ.

ಆದರೆ ದಾಖಲೆ? ಹಳೆಯ ರೋಡ್‌ಬುಕ್ಕು, ಟೈಮ್ ಕಾರ್ಡು, ಫಲಿತಾಂಶದ ಹಾಳೆಗಳು ಯಾವ ಗ್ರಂಥಾಲಯದಲ್ಲೂ ನನಗೆ ಸಿಕ್ಕಿಲ್ಲ. ಒಂದು ಕ್ಲಬ್ಬಿನ ಕಪಾಟು ರದ್ದಿಗೆ ಹೋದದ್ದನ್ನು ನಾನೇ ನೋಡಿದ್ದೇನೆ. ಎಂಬತ್ತರ ದಶಕದಲ್ಲಿ ಓಡಿಸಿದ ಹೆಣ್ಣುಮಕ್ಕಳ ಬಗ್ಗೆ ಉಳಿದಿರುವುದು ಫೋಟೋ ಕೆಳಗಿನ ಅರ್ಧ ಸಾಲು. ಆಗ ರ‍್ಯಾಲಿ ನಡೆದ ದಾರಿಗಳಲ್ಲಿ ಎಷ್ಟೋ ಟಾರು ಕಂಡಿವೆ, ಕೆಲವು ಅರಣ್ಯದ ಗಡಿಯೊಳಗೆ ಹೋಗಿವೆ. ರೋಡ್‌ಬುಕ್ ಉಳಿದರೆ ಆಗಿನ ಮಲೆನಾಡಿನ ನಕ್ಷೆಯೂ ಉಳಿಯುತ್ತದೆ, ಭೂಗೋಳದವರಾದರೂ ಆಸಕ್ತಿ ತೋರಿಸಬಹುದು. ಗೆದ್ದವರ ಪಟ್ಟಿಯನ್ನೇ ಚರಿತ್ರೆ ಎನ್ನುವುದು, ಅಡುಗೆಯವರನ್ನು ಬಿಟ್ಟು ಬಡಿಸಿದವರಿಗೆ ಶಾಲು ಹೊದಿಸಿದ ಹಾಗೆ.

ವಸ್ತುಸಂಗ್ರಹಾಲಯ ಕೇಳುವ ಆಸೆ ನನಗಿಲ್ಲ. ಕೇಳಿದರೆ ಶಂಕುಸ್ಥಾಪನೆಯ ಕಲ್ಲು ಸಿಕ್ಕೀತು ಅಷ್ಟೆ. ಫಲಿತಾಂಶದ ಹಾಳೆಯಲ್ಲಿ ಈಗ ಚಾಲಕ, ಕೋಡ್ರೈವರ್, ಕಾರು, ಸಮಯ ಎಂಬ ಅಂಕಣಗಳಿವೆ. ಕೋಡ್ರೈವರ್ ಹೆಸರು ಅಲ್ಲಿಗೆ ಬರಬೇಕಾದರೆ ನಮ್ಮವರು ಒಂದು ಕಾಲದಲ್ಲಿ ಜಗಳವಾಡಬೇಕಾಯಿತು. ಮೆಕ್ಯಾನಿಕ್ ಎಂದು ಇನ್ನೊಂದು ಅಂಕಣ ಸೇರಿಸಲು ಜಗಳವೂ ಬೇಡ, ಹಣವೂ ಬೇಡ. ಮುಂದಿನ ರ‍್ಯಾಲಿಯಿಂದಲೇ ಮಾಡಬಹುದು.