ಕೋಲಾರದ ಚಿನ್ನದ ಗಣಿಗಳು: ಕಲ್ಲಿನ ಕಥೆ, ಕಷ್ಟಜೀವಿಗಳ ಕಥೆ

ನಮ್ಮ ಧರ್ಮಕೇಂದ್ರದ ಅನೇಕ ಮನೆತನಗಳ ಚರಿತ್ರೆಯನ್ನು ಮೂರು ನಾಲ್ಕು ತಲೆಮಾರು ಹಿಂದಕ್ಕೆ ಅರಸುತ್ತ ಹೋದರೆ ನಾವು ಬಂದು ನಿಲ್ಲುವುದು ಕೋಲಾರದ ಚಿನ್ನದ ಗಣಿಗಳ ಬಾಯಿಯಲ್ಲಿ. ಈ ಗಣಿಗಳ ಬಗೆಗೆ ಬರೆದವರು ಚಿನ್ನದ ತೂಕವನ್ನು ತಪ್ಪದೆ ಹೇಳಿದ್ದಾರೆ; ಬಂಡವಾಳ ಹೂಡಿದವರ ಹೆಸರುಗಳನ್ನೂ ಹೇಳಿದ್ದಾರೆ. ಅಗೆದವರ ಹೆಸರುಗಳು ಮಾತ್ರ ಆ ಪುಟಗಳಲ್ಲಿ ಕಾಣಸಿಗುವುದು ಅಪರೂಪ. ಆದುದರಿಂದ ಕಲ್ಲಿನ ಕಥೆಯನ್ನೂ ಅದನ್ನು ಒಡೆದ ಕೈಗಳ ಕಥೆಯನ್ನೂ ಒಟ್ಟಿಗೆ ಹೇಳಲು ನಾವು ಇಲ್ಲಿ ಪ್ರಯತ್ನಿಸಿದ್ದೇವೆ.

ನೆಲದ ಹುಟ್ಟು

ಕೋಲಾರದ ಸುತ್ತಣ ನೆಲವು ಬಹುಪಾಲು ನೈಸ್ ಹಾಗೂ ಗ್ರಾನೈಟ್ ಶಿಲೆಗಳಿಂದ ಕೂಡಿದೆ. ಅವುಗಳ ನಡುವೆ ಉತ್ತರದಿಂದ ದಕ್ಷಿಣಕ್ಕೆ, ಸುಮಾರು 80 ಕಿಲೋಮೀಟರ್ ಉದ್ದಕ್ಕೆ, ಕಪ್ಪು ಹಸಿರು ಬಣ್ಣದ ಪದರಶಿಲೆಯ ಒಂದು ಪಟ್ಟಿ ಹಾದುಹೋಗಿದೆ. ಅದರ ಅಗಲ ಕೆಲವೇ ಕಿಲೋಮೀಟರ್. ಭೂವಿಜ್ಞಾನಿಗಳು ಇದನ್ನು ಕೋಲಾರ ಶಿಸ್ಟ್ ಪಟ್ಟಿಯೆಂದು ಕರೆಯುತ್ತಾರೆ. ಇದು ಮೂಲದಲ್ಲಿ ಜ್ವಾಲಾಮುಖಿಗಳು ಉಗುಳಿದ ಲಾವಾರಸ. ನೀರಿನಡಿಯಲ್ಲಿ ಹರಿದು ತಣ್ಣಗಾದ ಲಾವಾ ದಿಂಬುಗಳನ್ನು ಒಟ್ಟಿದಂತೆ ಗಟ್ಟಿಯಾಗುತ್ತದೆ. ಅಂತಹ ದಿಂಬುಶಿಲೆಗಳು ಈ ಪಟ್ಟಿಯಲ್ಲಿ ಇಂದಿಗೂ ಕಾಣಸಿಗುತ್ತವೆ. ಇದೆಲ್ಲ ನಡೆದದ್ದು ಸುಮಾರು 270 ಕೋಟಿ ವರ್ಷಗಳ ಹಿಂದೆ.

ಆ ಬಳಿಕ ಭೂಮಿಯ ಒತ್ತಡಕ್ಕೆ ಸಿಕ್ಕಿ ಈ ಶಿಲೆ ಮಡಿಚಿಕೊಂಡಿತು, ಬಿರುಕು ಬಿಟ್ಟಿತು. ಆಳದಿಂದ ಮೇಲೇರಿದ ಬಿಸಿನೀರು ತನ್ನಲ್ಲಿ ಕರಗಿದ್ದ ಸಿಲಿಕಾವನ್ನೂ ಚಿನ್ನವನ್ನೂ ಆ ಬಿರುಕುಗಳಲ್ಲಿ ಇಳಿಸಿತು. ಹೀಗೆ ಉಂಟಾದ ಬೆಣಚುಕಲ್ಲಿನ ಎಳೆಗಳಲ್ಲಿ ಅತಿ ಪ್ರಸಿದ್ಧವಾದುದು ಚಾಂಪಿಯನ್ ಎಳೆ. ಅದರ ದಪ್ಪ ಸಾಮಾನ್ಯವಾಗಿ ಮೂರು ನಾಲ್ಕು ಅಡಿ ಮಾತ್ರ. ಆದರೆ ಅದು ಪಶ್ಚಿಮಕ್ಕೆ ವಾಲಿಕೊಂಡು, ಆಳಕ್ಕೆ ಹೋದಂತೆ ಇನ್ನಷ್ಟು ಕಡಿದಾಗಿ, ಮೂರು ಕಿಲೋಮೀಟರಿಗೂ ಮಿಕ್ಕಿ ಕೆಳಗಿಳಿದಿತ್ತು. ಈ ಎಳೆಯನ್ನು ಬೆನ್ನಟ್ಟಿ ಹೋದುದೇ ಕೋಲಾರದ ಇತಿಹಾಸ.

ಹಳಬರ ಗುಂಡಿಗಳು

ಇಂಗ್ಲಿಷರು ಬರುವುದಕ್ಕೆ ಬಹಳ ಮುಂಚೆಯೇ ಇಲ್ಲಿಯ ಜನರು ಚಿನ್ನವನ್ನು ಅಗೆಯುತ್ತಿದ್ದರು. 1802ರಲ್ಲಿ ಮೈಸೂರು ಸೀಮೆಯ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬಾತನು ಈ ಸುದ್ದಿಯನ್ನು ಕೇಳಿ ಕುತೂಹಲಗೊಂಡನು. ಹಳ್ಳಿಯವರು ತಂದು ಸುರಿದ ಮಣ್ಣನ್ನು ಹೆಂಗಸರು ಮರದ ಹರಿವಾಣಗಳಲ್ಲಿ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪಂ ಬಳಿ ಜನರು ಇಕ್ಕಟ್ಟಾದ ಗುಂಡಿಗಳಲ್ಲಿ ಇಳಿದು ಕಲ್ಲನ್ನು ಅಗೆಯುವುದನ್ನೂ ಅವನು ಕಂಡು ವರದಿ ಬರೆದನು.

ಆ ವರದಿ ಸುಮಾರು ಎಪ್ಪತ್ತು ವರ್ಷ ಮೂಲೆಯಲ್ಲಿ ಬಿದ್ದಿತ್ತು. 1871ರಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೇಲ್ ಫಿಟ್ಸ್‌ಜೆರಾಲ್ಡ್ ಲವೆಲ್ ಎಂಬ ಐರಿಷ್ ನಿವೃತ್ತ ಸೈನಿಕನು ಅದನ್ನು ಓದಿ, ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಹೊರಟನು. 1875ರಲ್ಲಿ ಮೈಸೂರು ಸರ್ಕಾರದಿಂದ ಅವನಿಗೆ ಗಣಿ ತೋಡುವ ಪರವಾನಗಿ ದೊರೆಯಿತು. ಆದರೆ ಬಂಡವಾಳ ಸಾಲದೆ ತನ್ನ ಹಕ್ಕನ್ನು ಇತರರಿಗೆ ಬಿಟ್ಟುಕೊಟ್ಟನು. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರನ್ನು ಉಳಿಸಿಕೊಂಡಿದೆ.

1880ರ ವೇಳೆಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ರಂಗಕ್ಕಿಳಿಯಿತು. ಮೊದಲ ಕೆಲವು ವರ್ಷ ಹಣ ಕರಗಿತೇ ಹೊರತು ಚಿನ್ನ ಕಾಣಲಿಲ್ಲ. ಮೈಸೂರು ಗಣಿಯ ಕಂಪನಿ ಬಾಗಿಲು ಮುಚ್ಚುವ ಹಂತಕ್ಕೆ ಬಂದಿತು. ಆಗ ಕ್ಯಾಪ್ಟನ್ ಪ್ಲಮ್ಮರ್ ಎಂಬ ಗಣಿಗಾರನು ಹಳಬರು ಅಗೆದು ಬಿಟ್ಟಿದ್ದ ಗುಂಡಿಗಳ ಕೆಳಗೆ ತೋಡಿಸಿ ನೋಡಿದನು. ಅಲ್ಲಿ ದೊರೆತದ್ದೇ ಚಾಂಪಿಯನ್ ಎಳೆ. ಪ್ಲಮ್ಮರನ ಹೆಸರು ಚರಿತ್ರೆಯಲ್ಲಿದೆ. ಅವನಿಗೆ ದಾರಿ ತೋರಿದ ಆ ಗುಂಡಿಗಳನ್ನು ತೋಡಿದವರ ಹೆಸರುಗಳು ಎಲ್ಲಿಯೂ ಇಲ್ಲ.

ಕಲ್ಲಿನಿಂದ ಗಟ್ಟಿಗೆ

ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ಗಣಿಗಳು ಒಂದರ ಬದಿಗೊಂದು ಬೆಳೆದವು. ಸಿಡಿಮದ್ದಿನಿಂದ ಒಡೆದ ಅದಿರನ್ನು ಮೇಲಕ್ಕೆ ಸಾಗಿಸಿ, ಕಬ್ಬಿಣದ ಭಾರಿ ಒನಕೆಗಳಂತಹ ಯಂತ್ರಗಳಲ್ಲಿ ಕುಟ್ಟಿ ಪುಡಿಮಾಡುತ್ತಿದ್ದರು. ಆ ಪುಡಿಯನ್ನು ನೀರಿನೊಡನೆ ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಸಿದರೆ ಚಿನ್ನವು ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಹೀಗೆ ಸಿಗದೆ ಉಳಿದ ಸೂಕ್ಷ್ಮ ಕಣಗಳನ್ನು ಪಡೆಯಲು 1890ರ ದಶಕದಲ್ಲಿ ಸೈನೈಡ್ ವಿಧಾನ ಬಂದಿತು. ಸೈನೈಡ್ ದ್ರಾವಣ ಚಿನ್ನವನ್ನು ಕರಗಿಸಿಕೊಳ್ಳುತ್ತದೆ. ಸತುವನ್ನು ಬೆರೆಸಿದರೆ ಅದು ಮತ್ತೆ ಹೊರಬೀಳುತ್ತದೆ.

ಕೋಲಾರದಲ್ಲಿ ದೊರೆತದ್ದು ಅಪ್ಪಟ ಚಿನ್ನವೆಂದು ತಿಳಿಯುವುದು ಸರಿಯಲ್ಲ. ಭೂಗರ್ಭದ ಚಿನ್ನದಲ್ಲಿ ಬೆಳ್ಳಿಯು ಸಹಜವಾಗಿಯೇ ಬೆರೆತಿರುತ್ತದೆ. ಪಾದರಸವೂ ಸೈನೈಡೂ ಎರಡನ್ನೂ ಹಿಡಿಯುವುದರಿಂದ, ಕುಲುಮೆಯಿಂದ ಹೊರಬಂದ ಗಟ್ಟಿಯಲ್ಲಿ ಚಿನ್ನದ ಜೊತೆ ಅಲ್ಪಭಾಗ ಬೆಳ್ಳಿಯೂ ಇರುತ್ತಿತ್ತು. ಅವೆರಡನ್ನು ಬೇರ್ಪಡಿಸುವ ಕೆಲಸ ಶುದ್ಧೀಕರಣದ್ದು.

ಗಣಿಗಳ ಸಂಪತ್ತು ನಾಡಿಗೂ ಬೆಳಕು ತಂದಿತೆಂಬುದನ್ನು ಮರೆಯುವಂತಿಲ್ಲ. ಮೈಸೂರು ಸರ್ಕಾರಕ್ಕೆ ರಾಜಧನ ಸಲ್ಲುತ್ತಿತ್ತು. 1894ರಲ್ಲಿ ಈಗಿನ ಬಂಗಾರಪೇಟೆಯಿಂದ ಗಣಿ ಪ್ರದೇಶಕ್ಕೆ ರೈಲು ಬಂದಿತು. 1902ರ ಜೂನ್ 30ರಂದು ಕಾವೇರಿಯ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ್ದು ಅಂದಿನ ಜಗತ್ತಿನಲ್ಲೇ ದೊಡ್ಡ ಸಾಹಸ. ಬೆಂಗಳೂರು ನಗರಕ್ಕೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ.

ಕೆಳಗಿಳಿದವರು

ಈ ಕೆಲಸಕ್ಕೆ ಜನರು ಬಂದದ್ದು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಹಾಗೂ ಕೋಲಾರದ ಸುತ್ತಣ ಹಳ್ಳಿಗಳಿಂದ. ಅವರಲ್ಲಿ ಹೆಚ್ಚಿನವರು ಊರಿನಲ್ಲಿ ಹೊಲವಿಲ್ಲದ, ಅಸ್ಪೃಶ್ಯತೆಯ ಕಹಿಯನ್ನು ಉಂಡಿದ್ದ ದಲಿತರು. ಬರ ಬಂದಾಗ ಹೊಟ್ಟೆಪಾಡಿಗಾಗಿ ಬಂದರು. ಜಮೀನುದಾರನ ಹಂಗಿಲ್ಲದೆ ದುಡಿಯಬಹುದೆಂಬ ಆಸೆಯಿಂದಲೂ ಬಂದರು. ಮೇಲಧಿಕಾರಿಗಳು ಇಂಗ್ಲಿಷರು, ಮೇಸ್ತ್ರಿಗಳಲ್ಲಿ ಕಾರ್ನ್‌ವಾಲಿನವರೂ ಇಟಲಿಯವರೂ ಆಂಗ್ಲೋ ಇಂಡಿಯನ್ನರೂ ಇದ್ದರು. ಒಂದೆಡೆ ತೋಟಗಳಿಂದ ಕೂಡಿದ ಬಂಗಲೆಗಳು, ಕ್ಲಬ್ಬು, ಆಟದ ಮೈದಾನ. ಇನ್ನೊಂದೆಡೆ ತಟ್ಟಿಯ ಗುಡಿಸಲುಗಳ ಲೈನುಗಳು. ಪರದೇಶಿಗರು ಇದನ್ನು ಪುಟ್ಟ ಇಂಗ್ಲೆಂಡ್ ಎಂದು ಕರೆದರು. ಲೈನುಗಳಲ್ಲಿ ವಾಸಿಸಿದವರು ಹಾಗೆ ಕರೆದಿರಲಾರರು.

ಆಳ ಹೆಚ್ಚಿದಂತೆ ಅಪಾಯವೂ ಹೆಚ್ಚಿತು. ಚಾಂಪಿಯನ್ ರೀಫ್ ಗಣಿ ಕೊನೆಗೆ ನೆಲದಿಂದ 3 ಕಿಲೋಮೀಟರಿಗೂ ಹೆಚ್ಚು ಕೆಳಗಿಳಿದು ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತು. ಅಲ್ಲಿ ಬಂಡೆಯ ಶಾಖವೇ 65 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ. ಮೇಲಿನಿಂದ ತಂಪು ಗಾಳಿಯನ್ನು ಹಾಯಿಸದೆ ಮನುಷ್ಯನು ಅಲ್ಲಿ ನಿಲ್ಲುವಂತಿರಲಿಲ್ಲ. ಅದಿರು ತೆಗೆದು ಬರಿದಾದ ಜಾಗದ ಮೇಲೆ ಬೆಟ್ಟದ ಭಾರ ಬಿದ್ದು, ಬಂಡೆಯು ಮುನ್ಸೂಚನೆಯಿಲ್ಲದೆ ಸಿಡಿಯುತ್ತಿತ್ತು. ಇದನ್ನು ಮೊದಮೊದಲು ಏರ್ ಬ್ಲಾಸ್ಟ್ ಎಂದೂ ಅನಂತರ ರಾಕ್ ಬರ್ಸ್ಟ್ ಎಂದೂ ಕರೆದರು. ನೆಲದ ಮೇಲೆ ಮನೆಯ ಪಾತ್ರೆಗಳು ಅದುರಿದಾಗ, ಕೆಳಗಿದ್ದವರ ಹೆಂಡಿರು ಮಕ್ಕಳು ಗಣಿಯ ಬಾಯಿಗೆ ಓಡಿಹೋಗುತ್ತಿದ್ದರು.

ಸಿಡಿತವು ಒಮ್ಮೆಲೇ ಕೊಲ್ಲುತ್ತಿತ್ತು. ದೂಳು ನಿಧಾನವಾಗಿ ಕೊಲ್ಲುತ್ತಿತ್ತು. ಬೆಣಚುಕಲ್ಲಿನ ನವಿರಾದ ಪುಡಿ ಶ್ವಾಸಕೋಶದಲ್ಲಿ ಕುಳಿತು ಗಾಯಗಟ್ಟುವ ಸಿಲಿಕೋಸಿಸ್ ರೋಗ ಗಣಿಗಾರರ ಆಯುಷ್ಯವನ್ನು ತಿಂದಿತು. 1940ರಿಂದ 1946ರವರೆಗೆ ಇಲ್ಲಿ ಏಳು ಸಾವಿರದ ಆರುನೂರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ, ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡುಬಂದಿತು.

ಇಷ್ಟಾದರೂ ಅವರು ತಲೆತಗ್ಗಿಸಿಯೇ ಬಾಳಿದರೆಂದು ತಿಳಿಯಬಾರದು. 1930ರಲ್ಲಿ ಕಾರ್ಮಿಕರೆಲ್ಲರೂ ಬೆರಳಚ್ಚು ನೀಡಿ ನೋಂದಾಯಿಸಿಕೊಳ್ಳಬೇಕೆಂಬ ಆಜ್ಞೆ ಹೊರಟಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಬೆರಳಚ್ಚು ಪಡೆಯುವುದು ಕಳ್ಳಕಾಕರಿಂದ. ನಾವು ದುಡಿಯುವವರು ಎಂಬ ಅಭಿಮಾನ ಅವರದು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು.

ಎಳೆ ಬಡವಾದಾಗ

ಒಂದು ಸವರನ್ನು ಎಂದರೆ 8 ಗ್ರಾಂ ಎಂಬುದು ನಮ್ಮ ತಾಯಂದಿರೆಲ್ಲರಿಗೂ ತಿಳಿದ ಲೆಕ್ಕ. ಆರಂಭದ ವರ್ಷಗಳಲ್ಲಿ ಒಂದು ಟನ್ನು ಅದಿರಿನಿಂದ 40 ಗ್ರಾಮಿಗೂ ಹೆಚ್ಚು, ಎಂದರೆ ಐದು ಸವರನ್ನು ಚಿನ್ನ ಬರುತ್ತಿತ್ತು. ಕೊನೆಯ ವರ್ಷಗಳಲ್ಲಿ ದೊರೆತದ್ದು 3 ಗ್ರಾಂ ಮಾತ್ರ. ಅದೇ ಒಂದು ಸವರನ್ನಿಗಾಗಿ ಸುಮಾರು ಮೂರು ಟನ್ನು ಕಲ್ಲನ್ನು, ಅದೂ ಇನ್ನಷ್ಟು ಆಳದಿಂದ, ಇನ್ನಷ್ಟು ಬೇಗೆಯಿಂದ ಮೇಲಕ್ಕೆ ತರಬೇಕಾಯಿತು.

1956ರ ನವೆಂಬರಿನಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರ ಡಿಸೆಂಬರಿನಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಚಿನ್ನ ಕಡಿಮೆಯಾಗುತ್ತಿದ್ದ ಕಾಲದಲ್ಲೇ ಈ ಆಳವು ವಿಜ್ಞಾನಕ್ಕೆ ಬೇರೊಂದು ಸಂಪತ್ತನ್ನು ಕೊಟ್ಟಿತು. 1965ರಲ್ಲಿ ನೆಲದಡಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಭಾರತ, ಜಪಾನ್ ಹಾಗೂ ಇಂಗ್ಲೆಂಡಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ಕಂಡುಹಿಡಿದರು. ಬೇರೆ ಕಿರಣಗಳನ್ನು ತಡೆಯಲು ಅಷ್ಟು ದಪ್ಪದ ಬಂಡೆ ಬೇಕಿತ್ತು. ಅದರ ಕೆಳಗೆ ಅವರಿಗೆ ಜಾಗ ಮಾಡಿಕೊಟ್ಟವರು ನಮ್ಮ ಗಣಿಗಾರರೇ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ನೂರಿಪ್ಪತ್ತು ವರ್ಷಗಳಲ್ಲಿ ಹೊರಬಂದ ಚಿನ್ನ ಸುಮಾರು 800 ಟನ್ನು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ಏರಿತು. ದುಡಿಯುವ ಕೈಗಳು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿನತ್ತ ಹೊರಟವು. ಊರಿನ ಪಾಲಿಗೆ ಉಳಿದದ್ದು ಮೂರು ಕೋಟಿ ಟನ್ನಿಗೂ ಮಿಕ್ಕಿದ ಬೂದುಬಣ್ಣದ ಸೈನೈಡ್ ದಿಬ್ಬಗಳು. ಬೇಸಿಗೆಯ ಗಾಳಿಗೆ ಅವುಗಳ ದೂಳು ಅಂದಿನಂತೆ ಇಂದಿಗೂ ಮನೆಗಳ ಒಳಗೆ ನುಗ್ಗುತ್ತದೆ.

ಹೆಸರುಗಳ ಪುಸ್ತಕ

ಯುರೋಪಿನ ಗಣಿಗಾರರು ಸಂತ ಬಾರ್ಬರಾಳನ್ನು ತಮ್ಮ ಪಾಲಕಿಯೆಂದು ಮನ್ನಿಸಿ ಡಿಸೆಂಬರ್ 4ರಂದು ಅವಳ ಹಬ್ಬವನ್ನು ಆಚರಿಸುತ್ತಾರೆ. ಕೋಲಾರದ ಗಣಿಗಳ ನಡುವೆಯೂ ಇಗರ್ಜಿಗಳು ಎದ್ದವು. ಚಾಂಪಿಯನ್ ರೀಫ್ಸ್‌ನ ಜಯಮಾತೆಯ ದೇವಾಲಯ ಇಂದಿಗೂ ಅಲ್ಲಿ ನಿಂತಿದೆ. ಪಾಳಿಯ ಸದ್ದಿನ ನಡುವೆ ಗಂಟೆಯ ನಾದವನ್ನು ಕೇಳಿ ಬೆಳೆದವರು ಈಗ ನಾಡಿನ ನಾನಾ ಧರ್ಮಕೇಂದ್ರಗಳಲ್ಲಿದ್ದಾರೆ. ನಮ್ಮಲ್ಲಿಯೂ ಇದ್ದಾರೆ.

ಇಲ್ಲೊಂದು ಸಂಗತಿಯನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು. ಗಣಿಯ ಲೆಕ್ಕದಲ್ಲಿ ಕೆಲಸಗಾರನು ಒಂದು ಸಂಖ್ಯೆ, ಒಂದು ಬೆರಳಚ್ಚು, ಒಂದು ದಿನದ ಕೂಲಿ. ಆದರೆ ದೇವಾಲಯದ ದಫ್ತರಗಳಲ್ಲಿ ಪ್ರತಿಯೊಬ್ಬನಿಗೂ ಹೆಸರಿದೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ತಂದೆತಾಯಿಯ ಹೆಸರಿದೆ. ವಿವಾಹದ ಪುಸ್ತಕದಲ್ಲಿ ಸಾಕ್ಷಿಗಳ ಹೆಸರಿದೆ. ಮರಣದ ಪುಸ್ತಕದಲ್ಲಿ ಮಣ್ಣಿಗಿಟ್ಟ ದಿನವಿದೆ. ಚಿನ್ನದ ಇತಿಹಾಸವನ್ನು ಬರೆದವರು ಕೈಬಿಟ್ಟ ಜನರನ್ನು ಹುಡುಕಬೇಕಾದರೆ ಹೋಗಬೇಕಾದುದು ಇಂತಹ ಪುಸ್ತಕಗಳ ಬಳಿಗೆ. ಗೆದ್ದಲು ಹಿಡಿದ ಆ ಹಾಳೆಗಳನ್ನು ಉಳಿಸಿ ನಕಲು ಮಾಡುವ ಕೆಲಸ ಶತಮಾನೋತ್ಸವದ ನೆನಪಿಗೆ ತಕ್ಕುದಾದ ಕಾರ್ಯವೆಂದು ನಾವು ಭಾವಿಸುತ್ತೇವೆ.

ನಮ್ಮ ಮನೆಗಳ ಮಾಂಗಲ್ಯದಲ್ಲಿ, ಉಂಗುರದಲ್ಲಿ, ಪೂಜಾಪಾತ್ರೆಯ ಒಳಮೈಯ ಹೊಳಪಿನಲ್ಲಿ ಕೋಲಾರದ ಚಿನ್ನ ಎಷ್ಟಿದೆಯೆಂದು ಯಾರು ಬಲ್ಲರು? ಮುಂದೊಮ್ಮೆ ಅದನ್ನು ಮುಟ್ಟಿದಾಗ, ಮೂರು ಕಿಲೋಮೀಟರ್ ಕೆಳಗೆ ಬೆವರಿನಲ್ಲಿ ತೊಯ್ದು ನಿಂತಿದ್ದ ಒಬ್ಬನನ್ನು ನೆನೆಯೋಣ. ಮನೆಯಲ್ಲಿ ಇನ್ನೂ ಇರುವ ಅಜ್ಜಿ ತಾತಂದಿರನ್ನು ಕೇಳಿ ಅವನ ಹೆಸರನ್ನು ತಿಳಿದು, ಮಕ್ಕಳಿಗೆ ಹೇಳಿಕೊಡೋಣ.