ಪೂರ್ವಕಥೆಯ ಆಸೆಯೂ ಅಂಜಿಕೆಯೂ

ಒಂದು ಕಥೆಯು ಮನಸ್ಸಿನಲ್ಲಿ ನೆಲೆಗೊಂಡಿತೆಂದರೆ, ಅದರ ಮುಂದೇನೆಂದು ಕೇಳುವ ಆಸೆಯೊಡನೆಯೇ ಅದರ ಹಿಂದೇನಿತ್ತೆಂದು ಕೇಳುವ ಆಸೆಯೂ ಹುಟ್ಟುವುದು ಲೋಕಸ್ವಭಾವ. ಜನಮೇಜಯರಾಯನು ವೈಶಂಪಾಯನರನ್ನು ನಡುನಡುವೆ ತಡೆದು, ತನ್ನ ಪೂರ್ವಿಕರ ವೃತ್ತಾಂತವನ್ನು ಇನ್ನಷ್ಟು ವಿಸ್ತರಿಸಬೇಕೆಂದು ಬೇಡಿದುದು ಈ ಆಸೆಯಿಂದಲೇ ಅಲ್ಲವೆ? ಈಚೆಗೆ ಇದೇ ಆಸೆಯು ಒಂದು ಚಲಚ್ಚಿತ್ರದ ನಿಮಿತ್ತವಾಗಿ ಕನ್ನಡಿಗರಲ್ಲಿ ಮನೆಮಾತಾಯಿತೆಂಬುದನ್ನು ವಾಚಕರು ಬಲ್ಲರು. 2022ನೆಯ ಇಸವಿ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ಕ್ಕೆ ಪೂರ್ವಕಥೆಯಾಗಿ ‘ಕಾಂತಾರ: ಅಧ್ಯಾಯ 1’ ಎಂಬುದು 2025ನೆಯ ಅಕ್ಟೋಬರ್ 2ರಂದು ಹೊರಬಂದಿತು. ನಡುವಣ ಮೂರು ವರ್ಷಗಳಲ್ಲಿ ಅಭಿಮಾನಿಗಳು ಪಟ್ಟ ಆಸೆಗಳೂ ಸಂಶಯಗಳೂ ಇತಿಹಾಸವನ್ನೋದುವ ನಮ್ಮಂಥವರಿಗೂ ಪ್ರಯೋಜನಕರವಾಗಿ ತೋರಿದುದರಿಂದ ಈ ಲೇಖನಕ್ಕೆ ತೊಡಗಿದ್ದೇನೆ.

ಮೊದಲ ಚಿತ್ರವನ್ನು ಕೇವಲ ಭಯಾನಕವೆಂದು ಹೇಳುವುದು ಪೂರ್ತಿ ಸರಿಯಾಗಲಾರದು. ಭಯವೂ ವಿಸ್ಮಯವೂ ಒಂದರೊಳಗೊಂದು ಹೆಣೆದುಕೊಂಡ ಕೃತಿ ಅದು. ಹಿಂದೊಮ್ಮೆ ಅರಸನೊಬ್ಬನು ಮನಶ್ಶಾಂತಿಯನ್ನರಸುತ್ತ ಕಾಡನ್ನು ಹೊಕ್ಕು, ಅಲ್ಲಿ ಕಲ್ಲಿನ ರೂಪದಲ್ಲಿದ್ದ ದೈವವನ್ನು ಪಡೆದು, ಅದಕ್ಕೆ ಪ್ರತಿಯಾಗಿ ಕಾಡಿನ ಜನರಿಗೆ ಭೂಮಿಯನ್ನು ಕೊಡುತ್ತಾನೆ. ಅವನ ಸಂತತಿಯವನು ಆ ಭೂಮಿಯನ್ನು ಹಿಂದಕ್ಕೆ ಕೇಳುತ್ತಾನೆ. ಪಂಜುರ್ಲಿ, ಗುಳಿಗ ಎಂಬ ತುಳುನಾಡಿನ ದೈವಗಳು ಅಲ್ಲಿ ಕಥೆಗಾರನ ಕಲ್ಪನೆಗಳಲ್ಲ, ಇಂದಿಗೂ ಕೋಲ ನಡೆಯುವ, ಇಂದಿಗೂ ಜನರು ಹರಕೆ ಸಲ್ಲಿಸುವ ದೈವಗಳು. ಪಾತ್ರಧಾರಿಯ ಕಂಠದಿಂದ ಹೊರಟ ಆ ಒಂದು ಕೂಗು ಎಲ್ಲಿಂದ ಬಂದಿತೆಂದು ತಿಳಿಯದೆಯೇ ಪ್ರೇಕ್ಷಕರು ಬೆಚ್ಚಿದರು. ಅದು ಎಲ್ಲಿಂದ ಬಂದಿತೆಂಬುದನ್ನು ಪೂರ್ವಕಥೆಯು ಹೇಳೀತೆಂಬುದೇ ಅಭಿಮಾನಿಗಳ ಆಸೆ. ಹೇಳಿಬಿಟ್ಟರೆ ಆ ಬೆಚ್ಚುವಿಕೆ ಉಳಿಯುವುದೆ ಎಂಬುದು ಅವರ ಅಂಜಿಕೆ. ಕೆರಾಡಿಯ ರಿಷಬ್ ಶೆಟ್ಟರು ಹಳ್ಳಿಯ ಕಂಬಳದ ಕೆಸರನ್ನು ಬಿಟ್ಟು ಕದಂಬರ ಕಾಲಕ್ಕೂ ಅರಮನೆಗಳಿಗೂ ಹೋಗುತ್ತಾರೆಂಬ ಸುದ್ದಿ ಹರಡಿದಾಗ ಈ ಅಂಜಿಕೆಯು ಇಮ್ಮಡಿಯಾಯಿತು.

ಕಡೆಯನ್ನು ಬಲ್ಲವನಿಗೆ ಮೊದಲಿನಲ್ಲಿ ಭಯವುಂಟಾಗುವುದೆ ಎಂಬ ಪ್ರಶ್ನೆಗೆ ಭವಭೂತಿಯು ಹಿಂದೆಯೇ ಉತ್ತರವನ್ನು ಕೊಟ್ಟಿದ್ದಾನೆ. ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ, ತಮ್ಮ ಪೂರ್ವವೃತ್ತಾಂತವನ್ನೇ ಬರೆದ ಚಿತ್ರಗಳನ್ನು ಸೀತಾರಾಮರು ನೋಡುತ್ತ ನಡೆಯುವರಷ್ಟೆ. ವನವಾಸ ಮುಗಿದಿದೆ, ರಾವಣನು ಸತ್ತಿದ್ದಾನೆ, ಪಟ್ಟಾಭಿಷೇಕವೂ ಆಗಿದೆ. ಹೀಗಿದ್ದರೂ ಶೂರ್ಪಣಖಿಯ ಚಿತ್ರವು ಕಣ್ಣಿಗೆ ಬಿದ್ದೊಡನೆ ಸೀತೆಯು ನಡುಗಿ, ಪತಿಯ ಅಗಲಿಕೆಯು ಆಗಲೇ ಬಂದೊದಗಿತೆಂಬಂತೆ ಕೂಗಿಕೊಳ್ಳುತ್ತಾಳೆ. ಇದು ಬರಿಯ ಚಿತ್ರವೆಂದು ರಾಮನು ಸಮಾಧಾನ ಹೇಳಬೇಕಾಗುತ್ತದೆ. ಕಡೆಯು ತಿಳಿದಿದ್ದ ಮಾತ್ರಕ್ಕೆ ಭಯವು ಹೋಗುವುದಿಲ್ಲ. ಹಾಗಾದರೆ ಅದು ಯಾವುದರಿಂದ ಹೋಗುತ್ತದೆ?

ಇದಕ್ಕೆ ಹೊರದೇಶದ ಉದಾಹರಣೆಯೊಂದು ಉಂಟು. ಅಮೆರಿಕದಲ್ಲಿ 1973ರಲ್ಲಿ ‘ದಿ ಎಕ್ಸಾರ್ಸಿಸ್ಟ್’ ಎಂಬ ಪಿಶಾಚಾವೇಶದ ಚಿತ್ರವು ಬಂದು ಲೋಕವನ್ನೇ ಹೆದರಿಸಿತು. ಅದರ ವೃದ್ಧ ಪಾದ್ರಿಯ ತಾರುಣ್ಯದ ಕಥೆಯನ್ನು ಮುಂದೆ ಪಾಲ್ ಶ್ರೇಡರ್ ಎಂಬ ನಿರ್ದೇಶಕನು ಚಿತ್ರೀಕರಿಸಿದನು. ಇದರಲ್ಲಿ ಭಯವು ಸಾಲದೆಂದು ನಿರ್ಮಾಪಕರು ಅದನ್ನು ಪಕ್ಕಕ್ಕಿಟ್ಟು, ರೆನ್ನಿ ಹಾರ್ಲಿನ್ ಎಂಬ ಇನ್ನೊಬ್ಬನಿಂದ ಅದೇ ವಿಷಯವನ್ನು ಹೊಸದಾಗಿ ಮಾಡಿಸಿ 2004ರಲ್ಲಿ ತೆರೆಗೆ ತಂದರು. ಅದು ಮೆಚ್ಚುಗೆ ಪಡೆಯದಿರಲು, ಮೂಲೆಗೆ ಬಿದ್ದಿದ್ದ ಮೊದಲಿನದನ್ನು 2005ರಲ್ಲಿ ಹೊರತೆಗೆದರು. ಹೀಗೆ ಒಂದೇ ಕಥೆಗೆ ಎರಡು ಪೂರ್ವಕಥೆಗಳಾದವು! ನಗುವ ಮಾತಲ್ಲ, ನಮ್ಮ ಜಿಲ್ಲೆಯಲ್ಲಿಯೂ ಹೀಗೆಯೇ ಆಗಿರುವುದನ್ನು ಮುಂದೆ ತೋರಿಸುವೆನು.

ಅದಕ್ಕೆ ಮೊದಲು ತಿರುಮಕೂಡಲು ನರಸೀಪುರದ ಸೀಮೆಯ ತಲಕಾಡನ್ನು ನೋಡೋಣ. ನಮ್ಮ ಕಡೆಯ ಮಕ್ಕಳು ಮೊದಲು ಕೇಳುವ ಭಯಾನಕ ಕಥೆಯು ಅಲಮೇಲಮ್ಮನ ಶಾಪವೇ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಜನಿಂದ ಶ್ರೀರಂಗಪಟ್ಟಣವನ್ನು ಪಡೆದರು. ಅವನ ಪತ್ನಿಯ ಆಭರಣಗಳಿಗಾಗಿ ಅರಮನೆಯವರು ಬೆನ್ನಟ್ಟಲು, ಆಕೆಯು ತಲಕಾಡು ಮರಳಾಗಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರ ದೊರೆಗಳಿಗೆ ಮಕ್ಕಳಾಗದಿರಲೆಂದೂ ಶಪಿಸಿ ಕಾವೇರಿಗೆ ಹಾರಿದಳೆಂದು ಪ್ರತೀತಿ. ವಂಶದ ಲೆಕ್ಕವನ್ನು ನೋಡಿದರೆ ಶಾಪವು ನೇರವಾಗಿ ಫಲಿಸಿತೆಂದು ಹೇಳುವುದು ಕಷ್ಟ. ಚಿಕ್ಕದೇವರಾಜರಿಗೆ ಮಗನಾದ ಕಂಠೀರವ ನರಸರಾಜರೂ ಅವರಿಗೆ ಮಗನಾದ ಕೃಷ್ಣರಾಜರೂ ಅನುಕ್ರಮವಾಗಿ ಪಟ್ಟವೇರಿ, 1673ರಿಂದ 1732ರವರೆಗೆ ತಂದೆಯಿಂದ ಮಗನಿಗೇ ರಾಜ್ಯವು ಬಂದಿತು. ಮರಳಿಗೂ ಒಂದು ಪೂರ್ವಕಥೆಯನ್ನು ವಿದ್ವಾಂಸರು ಹೇಳಿದ್ದಾರೆ: ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿದ ಮಾಧವಮಂತ್ರಿಯ ಅಣೆಕಟ್ಟೆಯಿಂದ ನದಿಯ ಹರಿವು ತಗ್ಗಿ, ಬಯಲಾದ ಮರಳನ್ನು ಗಾಳಿಯು ಊರಿನ ಮೇಲೆ ತಂದು ಸುರಿಯಿತೆಂದು. ಈ ವಿವರಣೆಯನ್ನು ನಾನು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದುಂಟು. ಹುಡುಗರು ಒಪ್ಪುತ್ತಿದ್ದರು, ಆದರೆ ತಲಕಾಡಿಗೆ ಕರೆದೊಯ್ದಾಗ ಮರಳ ದಿಬ್ಬವನ್ನಿಳಿದು, ಹೂತ ಗುಡಿಯ ಬಾಗಿಲಲ್ಲಿ ನಿಂತೊಡನೆ ಅವರ ಗದ್ದಲವೆಲ್ಲ ತಾನೇ ಅಡಗುತ್ತಿತ್ತು. ಕಾರಣವನ್ನು ತಿಳಿಸಿದ ಮಾತ್ರಕ್ಕೂ ಭಯವು ಹೋಗುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಹದಿನಾರಿನ ಮಾತು. ನಂಜನಗೂಡು ತಾಲ್ಲೂಕಿನ ಈ ಗ್ರಾಮವು ಮೈಸೂರು ರಾಜವಂಶಕ್ಕೆ ಪೂರ್ವಕಥೆಯನ್ನು ಒದಗಿಸಿಕೊಟ್ಟ ಊರು. ಅರಮನೆಯ ಸಂಪ್ರದಾಯವು ಹೇಳುವುದೇನೆಂದರೆ: 1399ರಲ್ಲಿ ಯದುರಾಯ, ಕೃಷ್ಣರಾಯ ಎಂಬ ಸೋದರರು ದ್ವಾರಕೆಯ ಕಡೆಯಿಂದ ಬಂದರು. ಆಗ ಇಲ್ಲಿಯ ಪಾಳೆಯಗಾರನು ಗತಿಸಿದ್ದನು. ಕಾರುಗಳ್ಳಿಯ ಮಾರನಾಯಕನು ಅವನ ಮಗಳನ್ನು ತನಗೆ ಕೊಡಬೇಕೆಂದು ರಾಣಿಯನ್ನು ಪೀಡಿಸುತ್ತಿದ್ದನು. ಸೋದರರು ಒಬ್ಬ ಜಂಗಮರ ನೆರವಿನಿಂದ ಮಾರನಾಯಕನನ್ನು ಕೊಂದರು. ಯದುರಾಯನು ಆ ಕನ್ಯೆಯನ್ನು ವರಿಸಿ ಹದಿನಾರಿಗೂ ಕಾರುಗಳ್ಳಿಗೂ ಒಡೆಯನಾದನು. ಇನ್ನು 1810ರಲ್ಲಿ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದ ಕರ್ನಲ್ ವಿಲ್ಕ್ಸನ ಮೈಸೂರು ಇತಿಹಾಸದಲ್ಲಿ ಈ ಕಥೆಯೇ ಬೇರೊಂದು ವೇಷದಲ್ಲಿ ಬರುತ್ತದೆ. ಅಲ್ಲಿ ಸೋದರರ ಹೆಸರು ವಿಜಯ ಮತ್ತು ಕೃಷ್ಣ. ಅವರು ಹೊರಟುದು ದ್ವಾರಕೆಯಿಂದಲ್ಲ, ವಿಜಯನಗರದ ಆಸ್ಥಾನದಿಂದ. ಪಾಳೆಯಗಾರನು ಸತ್ತಿಲ್ಲ, ಚಿತ್ತಸ್ವಾಸ್ಥ್ಯ ತಪ್ಪಿ ಅಲೆಯುತ್ತಿದ್ದಾನೆ. ಇದಲ್ಲದೆ ಯಳಂದೂರಿನ ಕಡೆ ಹದಿನಾಡೆಂಬ ಬೇರೊಂದು ಸೀಮೆಯೂ ಅದಕ್ಕೆ ಅರಸುಮನೆತನವೂ ಇದ್ದುದರಿಂದ, ಕಥೆಯ ಹದಿನಾಡು ನಮ್ಮ ಹದಿನಾರೇ ಹೌದೆ ಎಂಬ ಚರ್ಚೆಗೂ ಎಡೆಯುಂಟು. ನಮ್ಮ ಊರಿನವರು ಈ ಚರ್ಚೆಯನ್ನು ಕೇಳಿದರೆ ಕೋಪಿಸಿಕೊಳ್ಳುವರು. ನನಗೂ ಅದು ಅಷ್ಟೇನೂ ಹಿತವಲ್ಲ.

ಗಮನಿಸತಕ್ಕ ಸಂಗತಿ ಬೇರೆಯದು. ಇದನ್ನು ನಮಗೆ ತಲಪಿಸಿದ ವಂಶಾವಳಿಗಳೆಲ್ಲ 1399ಕ್ಕೆ ಎರಡು ಶತಮಾನಗಳಿಗೂ ಮಿಗಿಲಾಗಿ ಈಚಿನವು. ಶ್ರೀರಂಗಪಟ್ಟಣವು ಕೈಸೇರಿ, ರಾಜ್ಯವು ಬೆಳೆದು, ಸಿಂಹಾಸನವು ನೆಲೆಗೊಂಡ ಮೇಲೆ ಬರೆದವು. ಕಡೆಯನ್ನು ಕಂಡವರೇ ಮೊದಲನ್ನು ಬರೆದರು. ಅದರಿಂದಲೇ ಮೊದಲಿನಲ್ಲಿ ಯಾದವಕುಲವೂ ದ್ವಾರಕೆಯೂ ಸೇರಿದವು, ಮಾರನಾಯಕನಿಗೆ ದುಷ್ಟನ ಪಾತ್ರವು ದೊರೆಯಿತು. ಅವನ ಊರಿನವರು ಈ ಕಥೆಯನ್ನು ಬರೆದಿದ್ದರೆ ಹೇಗೆ ಬರೆಯುತ್ತಿದ್ದರೋ! ಬಲವಂತದ ಮದುವೆಯನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಆದರೆ ಎಲ್ಲಕ್ಕೂ ಕಾರಣಳಾದ ಆ ಹೆಣ್ಣುಮಗಳ ಹೆಸರನ್ನೇ ಚಿಕ್ಕದೇವರಸಿ ಎಂದು ಕೆಲವರೂ ದೇವಾಜಮ್ಮಣ್ಣಿ ಎಂದು ಕೆಲವರೂ ಹೇಳುವರು. ಆಕೆಯ ಮನಸ್ಸೇನಿತ್ತೆಂದು ಯಾರೂ ಹೇಳುವುದಿಲ್ಲ.

ಕದಂಬರ ಪೂರ್ವಕಥೆಯೂ ಇದಕ್ಕೆ ಹೊರತಲ್ಲ. ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನು ಅಲ್ಲಿ ಪಲ್ಲವರ ಕುದುರೆಯವನೊಡನೆ ಜಗಳವಾಗಿ, ದರ್ಭೆಯನ್ನು ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದ ವೃತ್ತಾಂತವು ನಮಗೆ ತಿಳಿದಿರುವುದು ತಾಳಗುಂದದ ಸ್ತಂಭಶಾಸನದಿಂದ. ಅದನ್ನು ರಚಿಸಿದ ಕುಬ್ಜಕವಿಯು ಮಯೂರನ ಸಮಕಾಲೀನನಲ್ಲ. ಅವನ ಸಂತತಿಯ ಶಾಂತಿವರ್ಮನ ಕಾಲದವನು. ಸಂಸ್ಕೃತವು ಅಚ್ಚುಕಟ್ಟಾಗಿದೆ, ವೃತ್ತಾಂತವೂ ರೋಮಾಂಚಕರವಾಗಿದೆ. ಆದರೆ ಅದು ಗೆದ್ದ ಮನೆಯವರ ಕಂಬ.

ಈ ದೃಷ್ಟಿಯಿಂದ ‘ಅಧ್ಯಾಯ 1’ನ್ನು ನೋಡಿದರೆ ಅಭಿಮಾನಿಗಳ ಅಂಜಿಕೆಯಲ್ಲಿ ಅರ್ಧ ನಿಜವಾಯಿತು, ಅರ್ಧ ಸುಳ್ಳಾಯಿತು. ಬಂಗ್ರದ ಅರಸುಮನೆತನಕ್ಕೂ ಕಾಂತಾರದ ಕಾಡಿನವರಿಗೂ ನಡೆಯುವ ಹೋರಾಟವೇ ಅದರ ವಸ್ತು. ಯುದ್ಧಗಳೂ ರಥಗಳೂ ತೆರೆಯನ್ನು ತುಂಬಿದೆಡೆಯಲ್ಲಿ ಭಯಾನಕವು ಕರಗಿ ವೀರವಾಯಿತು, ವೀರವು ಅದ್ಭುತವಾಯಿತು. ಮೊದಲ ಚಿತ್ರದ ಒಂದು ಕೂಗಿನಲ್ಲಿದ್ದ ನಡುಕವು ಇಲ್ಲಿಯ ನೂರು ಕತ್ತಿಗಳಲ್ಲಿಲ್ಲ. ಭಯವು ಹೋಗುವುದು ಹೀಗೆ: ತಿಳಿದುದರಿಂದಲ್ಲ, ತುಂಬಿದುದರಿಂದ. ಆದರೆ ಈ ಪೂರ್ವಕಥೆಯನ್ನು ಅರಮನೆಯ ಕಡೆಯಿಂದ ಹೇಳದೆ, ಬೆರ್ಮೆಯೆಂಬ ಕಾಡಿನವನ ಕಡೆಯಿಂದ ಹೇಳಿದ್ದಾರೆ. ಹದಿನಾರಿನ ಕಥೆಗೆ ಇಂದಿಗೂ ದೊರೆಯದ ಭಾಗ್ಯವಿದು. ದೈವವೆಂದರೇನೆಂದು ತರ್ಕಿಸಹೋಗದೆ, ಅದರ ಬಳಿಯಲ್ಲಿ ಮನುಷ್ಯರು ಪಟ್ಟ ದುರಾಶೆಯನ್ನಷ್ಟೇ ತೋರಿಸಿದುದೂ ವಿವೇಕವೇ ಸರಿ.

ಇನ್ನೊಂದು ಅಂಜಿಕೆಯು ಚಿತ್ರದ ಗುಣದೋಷಗಳಿಗೆ ಸಂಬಂಧಿಸಿದುದಲ್ಲ, ಅದು ದೈವಾರಾಧಕರದು. ಚಿತ್ರಮಂದಿರಗಳಲ್ಲಿಯೂ ಬೀದಿಗಳಲ್ಲಿಯೂ ಕೆಲವರು ದೈವದ ವೇಷವನ್ನು ಧರಿಸಿ ಅನುಕರಣ ಮಾಡತೊಡಗಿದಾಗ ತುಳುನಾಡಿನವರು ನೊಂದುಕೊಂಡರು. ಹಾಗೆ ಮಾಡಬಾರದೆಂದು ನಿರ್ಮಾಪಕರಾದ ಹೊಂಬಾಳೆ ಸಂಸ್ಥೆಯವರೇ 2025ನೆಯ ಅಕ್ಟೋಬರಿನಲ್ಲಿ ಜನರನ್ನು ಕೇಳಿಕೊಳ್ಳಬೇಕಾಯಿತು. ತಲಕಾಡಿನ ಅಲಮೇಲಮ್ಮನ ವಿಷಯದಲ್ಲಿ ಅರಮನೆಯವರು ನಡೆದುಕೊಂಡ ರೀತಿಯನ್ನು ಇಲ್ಲಿ ನೆನೆಯಬಹುದು: ಆಕೆಯನ್ನು ಅವರು ಕಥೆಗೆ ಬಿಡಲಿಲ್ಲ, ವಿಗ್ರಹವನ್ನು ಮಾಡಿಸಿ ನವರಾತ್ರಿಯಲ್ಲಿ ಪೂಜಿಸುತ್ತ ಬಂದರು.

ಹದಿನಾರು, ಕಾರುಗಳ್ಳಿ, ತಲಕಾಡು, ಮಾಲಂಗಿಗಳ ಹಳೆಯ ಮನೆತನಗಳಲ್ಲಿ ಯದುರಾಯನ ಅಥವಾ ಮಾರನಾಯಕನ ವಿಷಯವಾಗಿ ಓಲೆಯೋ ಕಡತವೋ, ಇಲ್ಲವೇ ಹೆಂಗಸರು ಹೇಳಿಕೊಂಡು ಬಂದ ಕಥೆಯೋ ಇದ್ದಲ್ಲಿ, ವಾಚಕ ಮಹಾಶಯರು ಅದನ್ನು ತಿದ್ದದೆ, ಇದ್ದುದು ಇದ್ದಂತೆಯೇ ನಕಲು ಮಾಡಿಸಿ ಸಂಘಕ್ಕೆ ಕಳುಹಿಸಿಕೊಡಬೇಕಾಗಿ ಪ್ರಾರ್ಥನೆ. ಕಾರುಗಳ್ಳಿಯ ಕಡೆಯಿಂದ ಬಂದುದನ್ನು ಮೊದಲು ಅಚ್ಚು ಹಾಕಬೇಕೆಂದು ಸಂಪಾದಕರಲ್ಲಿ ಈಗಾಗಲೇ ಬಿನ್ನವಿಸಿಕೊಂಡಿದ್ದೇನೆ.